ಮಂಡೆಬಿಸಿ ಕೇಳುವ ಮಕ್ಕಳು: ಅವರ ಮಂಡೆಬಿಸಿ ಯಾರು ಕೇಳಬೇಕು?

ಗಂಗಾವಳಿ ದಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದಾಗ ಓದಿ.

ನಮ್ಮದು ಅಂಕೋಲೆ ಕಡೆಯ ಊರು. ಒಂದು ಬದಿಗೆ ಮೀನುಗಾರರ ಕೇರಿ, ಗದ್ದೆ ದಾಟಿದರೆ ಹಾಲಕ್ಕಿಗಳ ಕೊಪ್ಪ. ನಾನು ಹೊಲಿಗೆ ಕೆಲಸದವಳು. ಸಂಜೆ ಹೊತ್ತು ಯುವಕ ಮಂಡಳದ ಹಳೇ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿ ಓದಿಸುತ್ತೇನೆ. ಓದಿಸುತ್ತೇನೆ ಅಂದರೆ ಬಾಗಿಲು ತೆಗೆದು ಲೈಟು ಹಾಕುತ್ತೇನೆ, ಓದುವುದು ಅವರೇ.

2024ರ ಜುಲೈ 16ಕ್ಕೆ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತಲ್ಲ, ಆಚೆ ದಡದ ಉಳುವರೆ ಊರಿಗೂ ಹೊಳೆ ನೀರು ನುಗ್ಗಿತಲ್ಲ, ಅದಾದ ಮೇಲೆ ನಮ್ಮ ಕಡೆ ಮಕ್ಕಳಿಗೆ ಮಳೆ ಅಂದರೆ ಒಂಥರಾ ಆಗಿಬಿಟ್ಟಿತು. ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಜೋರು ಮಳೆಯ ರಾತ್ರಿ ಮಲಗುತ್ತಲೇ ಇರಲಿಲ್ಲ. ಹಂಚಿನ ಮೇಲೆ ಸದ್ದು ಜಾಸ್ತಿಯಾದರೆ ಎದ್ದು ಬಾಗಿಲ ಹತ್ತಿರ ಕೂರುತ್ತಿದ್ದ. ಚಪ್ಪಲಿ ಹಾಕಿಕೊಂಡು. ಅವನ ಆಯಿಗೆ ಗೊತ್ತಿತ್ತು, ‘ಹೆದರಿದ್ದಾನೆ’ ಅಂತ ದೇವಸ್ಥಾನದಲ್ಲಿ ನೂಲು ಕಟ್ಟಿಸಿದ್ದಳು. ನನಗಾಗಲಿ ಮಾಸ್ತರಿಗಾಗಲಿ ಅವನು ಒಂದು ಮಾತು ಹೇಳಲಿಲ್ಲ. ಹೇಳಿದ್ದು ಪಿಯುಸಿ ಓದುವ ಹುಡುಗಿಗೆ. ನಮ್ಮ ಕೋಣೆಗೇ ಬರುವವಳು. ಅವಳೇನು ಮಾಡಿದಳು ಅಂದರೆ, ಏನೂ ಮಾಡಲಿಲ್ಲ, ‘ನಂಗೂ ಹಾಗೇ ಆಗ್ತದೆ’ ಅಂದಳು. ಹುಡುಗ ಆಮೇಲೆ ಅರ್ಧ ಗಂಟೆ ಮಾತಾಡಿದನಂತೆ.

ಇದು ಒಳ್ಳೇದಾಯ್ತಲ್ಲ ಅಂತ ನಾನೇ ಮುಂದೆ ಬಿದ್ದು ಶನಿವಾರ ಮಧ್ಯಾಹ್ನದ ಗುಂಪು ಶುರು ಮಾಡಿದೆ. ಪಿಯುಸಿಯ ಆರು ಜನ, ಹೈಸ್ಕೂಲಿನ ಇಪ್ಪತ್ತು ಮಕ್ಕಳು. ಚೆನ್ನಾಗಿಯೇ ನಡೆಯಿತು. ಪರೀಕ್ಷೆ ಭಯ, ಮನೆಯಲ್ಲಿ ಕುಡಿತ, ಕ್ಲಾಸಿನಲ್ಲಿ ಜಾತಿ ಎತ್ತಿ ಆಡುವುದು, ಪ್ರೀತಿ ಗೀತಿ, ಎಲ್ಲ ಬಂತು.

ಮೊನ್ನೆ ಆ ಹುಡುಗಿಯ ಆಯಿ ನನ್ನ ಮನೆಗೇ ಬಂದಳು. ಜಗಳಕ್ಕಲ್ಲ. ‘ಅಕ್ಕಾ, ಊರ ಮಕ್ಕಳ ಮಂಡೆಬಿಸಿ ಎಲ್ಲ ನಮ್ಮನೆ ಕೂಸಿನ ಮೇಲೆ ಬಂದು ಕೂತಿದೆ. ಊಟ ಸೇರೂದಿಲ್ಲ, ರಾತ್ರಿ ಹನ್ನೆರಡಕ್ಕೂ ಫೋನು, ಯಾರು ಏನು ಹೇಳಿದ್ರು ಅಂತ ಕೇಳಿದ್ರೆ ಹೇಳೂದಿಲ್ಲ’ ಅಂದಳು. ನನಗೆ ಉತ್ತರ ಇರಲಿಲ್ಲ.

ಈಗ ಗುಂಪು ನಿಲ್ಲಿಸಲಾ? ನಡೆಸುವುದಾದರೆ ಹೇಗೆ? ಇಂಥದ್ದು ನಡೆಸಿ ಗೊತ್ತಿದ್ದವರು ಇದ್ದೀರಾ?

ಹಳೇ ಮಾಸ್ತರು

ನೇರ ಹೇಳುತ್ತೇನೆ, ಬೇಜಾರು ಮಾಡಬೇಡಿ. ನಿಲ್ಲಿಸಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು ನಾನು. ಹದಿನಾರು ಹದಿನೇಳರ ಮಕ್ಕಳಿಗೆ ಅವರದ್ದೇ ಹೊತ್ತುಕೊಳ್ಳಲು ಆಗುವುದಿಲ್ಲ, ಬೇರೆಯವರದ್ದು ಯಾಕೆ ಹೊರಿಸುತ್ತೀರಿ? ಕಾಲು ಮುರಿದರೆ ಪಕ್ಕದ ಮನೆ ಹುಡುಗನ ಹತ್ತಿರ ಕಟ್ಟು ಹಾಕಿಸಿಕೊಳ್ಳುತ್ತೇವಾ? ಮನಸ್ಸು ಅಂದರೆ ಮಾತ್ರ ಯಾರಾದರೂ ಆಗಬಹುದು ಅನ್ನುವ ಧೈರ್ಯ ಎಲ್ಲಿಂದ ಬರುತ್ತದೋ. ಡಾಕ್ಟರು ಇದ್ದಾರೆ, ಶಾಲೆಯಲ್ಲಿ ಮಾಸ್ತರು, ಅಕ್ಕೋರು ಇದ್ದಾರೆ. ಅವರಿಗೆ ಬಿಡಿ.

ಸಣ್ಣಾಸ್ಪತ್ರೆ ಸಿಸ್ಟರ್

ಮಾಸ್ತರೇ, ಡಾಕ್ಟರಿಗೆ ಬಿಡಿ ಅಂದಿರಲ್ಲ. ಬಿಡೋಣ. ಎಲ್ಲಿ ಸಿಗುತ್ತಾರೆ ಅಂತ ಲೆಕ್ಕ ಹಾಕೋಣ.

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಅದರಲ್ಲಿ ಮಂಗಳವಾರ ತಾಲೂಕಾಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಒಳ್ಳೇ ಕಾರ್ಯಕ್ರಮ, ಔಷಧವೂ ಸಿಗುತ್ತದೆ. ಆದರೆ ಮಂಗಳವಾರ ಶಾಲೆ ಇರುತ್ತದೆ. ಮಗು ರಜೆ ಹಾಕಬೇಕು, ಆಯಿ ಕೂಲಿ ಬಿಡಬೇಕು, ಎರಡು ಬಸ್ಸು ಹತ್ತಬೇಕು, ಅಲ್ಲಿ ಸಾಲಿನಲ್ಲಿ ನಿಂತಾಗ ಊರವರು ಯಾರಾದರೂ ಕಂಡರೆ ‘ಏನಾಯ್ತು ಕೂಸಿಗೆ’ ಅಂತ ಕೇಳುತ್ತಾರೆ. ಅಷ್ಟಕ್ಕೇ ಅರ್ಧ ಜನ ಬರುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇಕಡಾ 7.3 ಜನಕ್ಕೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದೆ ಅಂತ ಬಂದಿತ್ತು. ನೂರು ಮಕ್ಕಳ ಶಾಲೆಗೆ ಏಳು. ಇದು ಕಾಯಿಲೆ ಅನ್ನುವಷ್ಟು ಇರುವವರ ಲೆಕ್ಕ ಮಾತ್ರ. ಮಳೆ ಬಂದರೆ ಚಪ್ಪಲಿ ಹಾಕಿ ಕೂರುವ ಹುಡುಗ ಈ ಲೆಕ್ಕದಲ್ಲಿ ಬರುತ್ತಾನೋ ಇಲ್ಲವೋ, ಅವನಿಗೆ ನಿದ್ದೆ ಅಂತೂ ಇಲ್ಲ.

ಅಂದಹಾಗೆ ಗೆಳೆಯರ ಮೂಲಕ ಕೆಲಸ ಮಾಡುವುದು ಸರ್ಕಾರದ್ದೂ ಇದೆ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು 2014ರಲ್ಲಿ. 10ರಿಂದ 19 ವಯಸ್ಸಿನವರಿಗೆ. ಊರಿಗೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಅಂತ ಆರಿಸಿ ತರಬೇತಿ ಕೊಡಬೇಕು. ಆರು ವಿಷಯ, ಅದರಲ್ಲಿ ಮಾನಸಿಕ ಆರೋಗ್ಯವೂ ಒಂದು. ನಾನೇ ನಡೆಸಿದ ಸಭೆಗಳ ಕತೆ ಹೇಳುತ್ತೇನೆ: ರಕ್ತಹೀನತೆ, ಕಬ್ಬಿಣಾಂಶದ ನೀಲಿ ಮಾತ್ರೆ, ಮುಟ್ಟಿನ ಸ್ವಚ್ಛತೆ, ಇಷ್ಟು ಮುಗಿಯುವಾಗ ಗಂಟೆ ಆಗಿರುತ್ತಿತ್ತು. ‘ಮನಸ್ಸಿನ ಬಗ್ಗೆ ಮುಂದಿನ ಸಲ’ ಅನ್ನುತ್ತಿದ್ದೆ. ಮುಂದಿನ ಸಲವೂ ಅದೇ. ತಪ್ಪು ನನ್ನದೇ, ಮಾತ್ರೆ ಎಣಿಸಬಹುದು, ಬೇಜಾರು ಎಣಿಸಲು ಆಗುವುದಿಲ್ಲ, ರಿಜಿಸ್ಟರಿನಲ್ಲಿ ಏನು ಬರೆಯಲಿ?

ಸುಮ್ನೆ ಓದುವವ

ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಮೊಬೈಲು ಕಿತ್ತುಕೊಳ್ಳಿ, ಗದ್ದೆಗೆ ಕಳಿಸಿ, ತನ್ನಿಂದ ತಾನೇ ಸರಿಹೋಗುತ್ತಾರೆ.

ಹತ್ತೊಂಬತ್ತು

ಇತ್ತು ಅಣ್ಣಾ. ‘ಗಾಳಿ ಸೋಕಿದೆ’ ಅಂತಿದ್ರಿ, ‘ದೃಷ್ಟಿ ತಾಗಿದೆ’ ಅಂತಿದ್ರಿ. ನಮ್ಮ ಅಜ್ಜಿಯ ತಂಗಿಯೊಬ್ಬಳು ವರ್ಷಗಟ್ಟಲೆ ಒಳಕೋಣೆಯಲ್ಲೇ ಇದ್ದಳಂತೆ. ‘ಅವಳು ಸ್ವಲ್ಪ ಮೌನಿ’ ಅಂತ ಹೇಳುತ್ತಿದ್ದರಂತೆ ಬಂದವರಿಗೆ. ಅಕ್ಕನಿಗೆ ಆಮೇಲೆ ಉದ್ದ ಬರೀತೇನೆ, ಈಗ ಬಂದರಿಗೆ ಹೋಗಬೇಕು.

ಗೋವಾ ಬಸ್ಸು

ನಾನು ಕಾರವಾರದವಳು, ಕಾಳಿ ಸೇತುವೆ ದಾಟಿ ಗೋವಾದಲ್ಲಿ ಕೆಲಸ. ಡಾಕ್ಟರಲ್ಲದವರು ಆಪ್ತಸಲಹೆ ಮಾಡುವುದರ ತರಬೇತಿ ಪಡೆದಿದ್ದೇನೆ, ಸ್ವಲ್ಪ ಕೆಲಸವೂ ಮಾಡಿದ್ದೇನೆ. ನಮ್ಮ ಪಕ್ಕದ ಗೋವಾದಲ್ಲೇ ಸಂಗಾತ್ ಅನ್ನುವ ಸಂಸ್ಥೆ 1996ರಿಂದ ಇದನ್ನೇ ಮಾಡುತ್ತಿದೆ. ಊರಿನವರಿಗೇ ತರಬೇತಿ ಕೊಟ್ಟು ಮನಸ್ಸಿನ ತೊಂದರೆಗೆ ಕೂತು ಮಾತಾಡುವ ಕೆಲಸ.

ಮಾಸ್ತರೇ, ನಿಮಗೆ ಒಂದು ವಿಷಯ ಹೇಳಬೇಕು, ಕೋಪ ಮಾಡಬಾರದು. ಬಿಹಾರದ ನಾಲಂದಾ ಜಿಲ್ಲೆಯ ಹೈಸ್ಕೂಲುಗಳಲ್ಲಿ ಒಂದು ದೊಡ್ಡ ಪ್ರಯೋಗ ಆಗಿತ್ತು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಕ್ಕಳ ಆರೋಗ್ಯದ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಮಾಸ್ತರು ನಡೆಸಿದರು, ಕೆಲವು ಕಡೆ ತರಬೇತಿ ಪಡೆದ ಹೊರಗಿನ ಸಾಮಾನ್ಯ ಜನ ನಡೆಸಿದರು, ಡಾಕ್ಟರೂ ಅಲ್ಲ ಏನೂ ಅಲ್ಲ. ಹೊರಗಿನವರು ನಡೆಸಿದ ಕಡೆ ಮಕ್ಕಳ ಖಿನ್ನತೆ ಕಡಿಮೆ ಆಯಿತು, ಕಾಟ ಕೊಡುವುದು ಕಡಿಮೆ ಆಯಿತು, ಶಾಲೆಯ ವಾತಾವರಣವೇ ಬದಲಾಯಿತು. ಮಾಸ್ತರು ನಡೆಸಿದ ಕಡೆ ಏನೂ ವ್ಯತ್ಯಾಸ ಆಗಲಿಲ್ಲ.

ಇನ್ನೊಂದು ಕೀನ್ಯಾದ್ದು. ಶಮೀರಿ ಅಂತ ಹೆಸರು. ಆಗಷ್ಟೇ ಹೈಸ್ಕೂಲ್ ಮುಗಿಸಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಅವರು ಹೈಸ್ಕೂಲ್ ಮಕ್ಕಳ ಸಣ್ಣ ಗುಂಪು ನಡೆಸುತ್ತಾರೆ. ವಾರಕ್ಕೊಂದು ಗಂಟೆ, ಬರೀ ನಾಲ್ಕು ವಾರ. 413 ಮಕ್ಕಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಖಿನ್ನತೆ, ಆತಂಕ ಎರಡೂ ಇಳಿದವು, ತಿಂಗಳುಗಳ ನಂತರವೂ ಆ ವ್ಯತ್ಯಾಸ ಉಳಿದಿತ್ತು.

ಆದರೆ ಅಕ್ಕಾ, ಅಲ್ಲಿ ಏನು ಮಾಡುತ್ತಾರೆ ಅಂತ ಗಮನಿಸಿ. ‘ನಿನ್ನ ಕಷ್ಟ ಹೇಳು’ ಅಂತ ಶುರು ಮಾಡುವುದಿಲ್ಲ. ಮನುಷ್ಯ ಬದಲಾಗಬಹುದು ಅನ್ನುವುದರ ಬಗ್ಗೆ ಒಂದು ಪಾಠ, ಯಾವುದಕ್ಕೆ ಕೃತಜ್ಞತೆ ಇದೆ ಅಂತ ಬರೆಯುವುದು, ನನಗೆ ಮುಖ್ಯವಾದದ್ದು ಯಾವುದು ಅಂತ ಯೋಚಿಸುವುದು. ಹೀಗೆ ಕಟ್ಟಿದ ಕೆಲಸ ಇರುತ್ತದೆ. ಗುಂಪು ನಡೆಸುವವನಿಗೆ ಇವತ್ತು ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಯಾವಾಗ ಮುಗಿಯುತ್ತದೆ ಅಂತಲೂ ಗೊತ್ತಿರುತ್ತದೆ. ನಿಮ್ಮ ಹುಡುಗಿಗೆ ಇವೆರಡೂ ಇಲ್ಲ. ಶನಿವಾರ ಮುಗಿದರೂ ಅವಳಿಗೆ ಮುಗಿಯುವುದಿಲ್ಲ. ಮತ್ತೆ ಅವರು ಶಾಲೆ ಮುಗಿಸಿದವರು, ಇವಳು ಇನ್ನೂ ಪಿಯುಸಿ.

ಮಂಡೆಬಿಸಿ ಅನ್ನುವ ಪದ ನೀವು ಬಳಸಿದ್ದು ನೋಡಿ ಒಂದು ನೆನಪಾಯಿತು. ಜಿಂಬಾಬ್ವೆಯ ಹರಾರೆಯಲ್ಲಿ ಆಸ್ಪತ್ರೆ ಅಂಗಳದಲ್ಲಿ ಮರದ ಬೆಂಚು ಹಾಕಿ ಅಜ್ಜಿಯರನ್ನು ಕೂರಿಸಿದ್ದಾರೆ, ಡಿಕ್ಸನ್ ಚಿಬಾಂಡಾ ಅನ್ನುವ ಮನೋವೈದ್ಯರು 2006ರಲ್ಲಿ ಶುರು ಮಾಡಿದ್ದು. ಆ ಅಜ್ಜಿಯರು ‘ಡಿಪ್ರೆಶನ್’ ಅನ್ನುವುದೇ ಇಲ್ಲ. ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಅನ್ನುತ್ತಾರೆ, ಯೋಚನೆ ಅತಿಯಾಗುವುದು ಅಂತ ಅರ್ಥ. ನಮ್ಮ ಮಂಡೆಬಿಸಿಯೇ ಅಲ್ವಾ ಅದು? ‘ನಿಂಗೆ ಮಾನಸಿಕ ತೊಂದರೆ ಇದೆಯಾ’ ಅಂದರೆ ನಮ್ಮ ಮಕ್ಕಳು ಓಡಿ ಹೋಗುತ್ತಾರೆ. ‘ಏನು, ಮಂಡೆಬಿಸಿಯಾ?’ ಅಂದರೆ ಪಕ್ಕದಲ್ಲಿ ಕೂರುತ್ತಾರೆ.

ಹಳೇ ಮಾಸ್ತರು

ಕೋಪ ಏನಿಲ್ಲ ತಂಗಿ. ಬಿಹಾರದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆ ಹಾಗಾಯಿತು ಅಂತ ನನಗೆ ಗೊತ್ತು ಅನಿಸುತ್ತದೆ. ನಾನು ಮಾರ್ಕು ಕೊಡುವವನು. ಹೋಂವರ್ಕ್ ಮಾಡದಿದ್ದರೆ ಹೊರಗೆ ನಿಲ್ಲಿಸುವವನು. ಬೆಳಿಗ್ಗೆ ಹೊರಗೆ ನಿಲ್ಲಿಸಿದವನ ಹತ್ತಿರ ಮಧ್ಯಾಹ್ನ ಬಂದು ‘ಸರ್, ಅಪ್ಪ ಆಯಿಗೆ ಹೊಡೆಯುತ್ತಾರೆ’ ಅಂತ ಯಾರು ಹೇಳುತ್ತಾರೆ? ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿ ಮೂರು ತಿಂಗಳು ಕೊನೆಯ ಬೆಂಚಿನಲ್ಲಿ ತಲೆ ಇಟ್ಟು ಮಲಗುತ್ತಿದ್ದ. ಸೋಮಾರಿ ಅಂತ ಬರೆದೆ ಪ್ರಗತಿ ಪತ್ರದಲ್ಲಿ. ಅವನ ಮನೆ ಸುದ್ದಿ ಪಕ್ಕದ ಬೆಂಚಿನವನಿಗೆ ಗೊತ್ತಿತ್ತು. ನನಗೆ ಗೊತ್ತಾಗಿದ್ದು ಅವನು ಶಾಲೆ ಬಿಟ್ಟ ಮೇಲೆ.

ಆದರೂ ನನ್ನ ಪ್ರಶ್ನೆ ಬಾಕಿ ಇದೆ. ನಮ್ಮದು ಹರಾರೆ ಪೇಟೆ ಅಲ್ಲ. ಊರಲ್ಲಿ ಎಲ್ಲರೂ ಎಲ್ಲರಿಗೂ ಸಂಬಂಧ. ಒಂದು ಮಗು ಹೇಳಿದ್ದು ನಾಳೆ ಮೀನುಪೇಟೆಯಲ್ಲಿ ಕೇಳಿದರೆ ಗತಿ ಏನು? ದೊಡ್ಡವರಿಗೇ ಬಾಯಿ ಕಟ್ಟುವುದು ಕಷ್ಟ.

ಹತ್ತೊಂಬತ್ತು

ಅಕ್ಕಾ, ಬಂದೆ. ನಾನು ನಿಮ್ಮ ಆ ಪಿಯುಸಿ ಹುಡುಗಿಯ ಜಾಗದಲ್ಲಿ ಎರಡು ವರ್ಷ ಇದ್ದವನು, ಅದಕ್ಕೇ ಬರೀತಿದ್ದೇನೆ.

ನಮ್ಮದು ಕಾರವಾರದ ಹತ್ತಿರ ಮೀನುಗಾರರ ಮನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, 61 ದಿನ ಬೋಟು ದಡದಲ್ಲಿ. ದುಡಿಮೆ ಇಲ್ಲ, ಮಳೆ, ಗಂಡಸರೆಲ್ಲ ಮನೆಯಲ್ಲೇ, ಕುಡಿತ ಜಾಸ್ತಿ, ಸಾಲ ಜಾಸ್ತಿ, ಶಾಲೆ ಫೀಸು ನೋಟ್‌ಬುಕ್ಕು ಎಲ್ಲ ಅದೇ ಹೊತ್ತಿಗೆ. ಆ ಎರಡು ತಿಂಗಳು ನಮ್ಮ ಕೇರಿಯ ಹುಡುಗರ ಮಂಡೆ ಹೇಗಿರ್ತದೆ ಅಂತ ಪೇಟೆಯಿಂದ ಬರುವವರಿಗೆ ಗೊತ್ತಾಗೂದಿಲ್ಲ. ಒಂದು ತರಬೇತಿಗೆ ಕರೆದಿದ್ದರು, ಮೂರು ದಿನ. ಸರ್ಟಿಫಿಕೇಟು ಕೊಟ್ಟರು, ಬ್ಯಾಗು ಕೊಟ್ಟರು, ‘ನೀವು ಈಗ ಗೆಳೆಯರಿಗೆ ಆಧಾರ’ ಅಂದರು. ಆಮೇಲೆ ಅವರು ಮತ್ತೆ ಬರಲಿಲ್ಲ.

ನಾನು ಆಧಾರ ಆದೆ. ನನ್ನ ವಯಸ್ಸು ಹದಿನೇಳು.

ಒಬ್ಬ ಗೆಳೆಯ, ಹೆಸರು ಬೇಡ. ರಾತ್ರಿ ಎರಡು ಗಂಟೆಗೆ ವಾಟ್ಸಾಪ್ ಮಾಡುತ್ತಿದ್ದ. ಮೊದಲ ದಿನವೇ ‘ಯಾರಿಗೂ ಹೇಳೂದಿಲ್ಲ ಅಂತ ಆಣೆ ಮಾಡು’ ಅಂದ, ನಾನು ಮಾಡಿಬಿಟ್ಟೆ. ಅದು ನನ್ನ ದೊಡ್ಡ ತಪ್ಪು. ಆಮೇಲೆ ಅವನು ‘ಇರೂದೇ ಬೇಡ ಅನಿಸ್ತದೆ’ ಅಂದಾಗ ನನ್ನ ಕೈ ಕಟ್ಟಿ ಹಾಕಿದಂತೆ ಆಯಿತು. ಹೇಳಿದರೆ ದ್ರೋಹ, ಹೇಳದಿದ್ದರೆ ಏನಾದರೂ ಆದರೆ? ಫೋನು ಸದ್ದು ಮಾಡಿದರೆ ಹೆದರಿಕೆ, ಸದ್ದು ಮಾಡದಿದ್ದರೆ ಇನ್ನೂ ಹೆದರಿಕೆ. ಹನ್ನೊಂದು ದಿನ ಹಾಗೇ ಕಳೆದೆ. ಎಣಿಸಿದ್ದೇನೆ.

ಕೊನೆಗೆ ಅವನ ಮುಂದೆಯೇ ಹೇಳಿದೆ, ‘ಆಣೆ ವಾಪಸ್ ತಗೊಂಡೆ. ಒಬ್ಬರಿಗೆ ಹೇಳಲೇಬೇಕು. ಯಾರಿಗೆ ಅಂತ ನೀನೇ ಆರಿಸು. ನಾನೂ ಬರ್ತೇನೆ.’ ಅವನು ಬೈದ. ಆಮೇಲೆ ಅವನ ದೊಡ್ಡಮ್ಮನ ಹೆಸರು ಹೇಳಿದ. ಅವಳ ಮನೆಗೆ ಹೋದೆವು, ಅವಳು ಮೀನು ಸ್ವಚ್ಛ ಮಾಡುತ್ತಿದ್ದಳು, ಕೈ ತೊಳೆಯದೇ ಪೂರ್ತಿ ಕೇಳಿದಳು. ಮರುದಿನ ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವನು ಒಂದು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಿದ್ದ. ಈಗ ಒಂದೇ ಬೋಟಿಗೆ ಹೋಗುತ್ತೇವೆ.

ಮಾಸ್ತರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಗುಟ್ಟು ಇಡುತ್ತೇವೆ ಅಂತ ಹೇಳಲೇಬಾರದು. ‘ಮೀನುಪೇಟೆಗೆ ಹೋಗೂದಿಲ್ಲ, ಆದ್ರೆ ನಿನಗೆ ಅಪಾಯ ಇದ್ರೆ ಅಕ್ಕನಿಗೆ ಹೇಳ್ತೇನೆ’ ಅಂತ ಮಾತು ಶುರುವಾಗುವ ಮೊದಲೇ ಹೇಳಬೇಕು. ಹಾಗೆ ಹೇಳಿದರೆ ಯಾರೂ ಬಾಯಿ ಬಿಡೂದಿಲ್ಲ ಅಂತ ನನಗೂ ಅನಿಸಿತ್ತು. ಬಿಡುತ್ತಾರೆ.

ಇನ್ನೊಂದು. ಹುಡುಗರನ್ನು ಸುತ್ತ ಕೂರಿಸಿ ‘ಹೇಗಿದ್ದೀರಿ, ಹಂಚಿಕೊಳ್ಳಿ’ ಅಂದರೆ ನಗುತ್ತಾರೆ, ಒಬ್ಬನನ್ನೊಬ್ಬ ತಿವಿಯುತ್ತಾರೆ. ನಮ್ಮಲ್ಲಿ ಮಾತು ಆಗುತ್ತಿದ್ದದ್ದು ಬಲೆ ಸರಿ ಮಾಡುವಾಗ. ಕಣ್ಣು ಬಲೆ ಮೇಲೆ, ಕೈಗೆ ಕೆಲಸ, ಯಾರೂ ಯಾರ ಮುಖ ನೋಡಬೇಕಿಲ್ಲ. ಆಗ ಬರ್ತದೆ ಮಾತು.

ಘಟ್ಟದ ಮೇಲಿನವಳು

ಹತ್ತೊಂಬತ್ತು ತಮ್ಮಾ, ಬಲೆಯ ಮಾತು ಓದಿ ಖುಷಿಯಾಯಿತು. ನಮ್ಮ ಕಡೆ ಅಡಿಕೆ ಸುಲಿಯುವಾಗ ಹಾಗೇ.

ನಾನು ಯಲ್ಲಾಪುರ ಕಡೆ, ಸಿದ್ದಿ ಮಕ್ಕಳು ಜಾಸ್ತಿ ಇರುವ ಊರುಗಳಲ್ಲಿ ಓಡಾಡುವವಳು. ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎಲ್ಲ ಸಂಕಟವನ್ನೂ ಮನಸ್ಸಿನೊಳಗೆ ಹುಡುಕಬೇಡಿ. ಹಾಸ್ಟೆಲಿನಲ್ಲಿ ಒಬ್ಬಳು ಊಟ ಬಿಟ್ಟಿದ್ದಳು. ನಮ್ಮ ಗುಂಪಿನ ಹುಡುಗಿ ಅವಳಿಗೆ ಉಸಿರು ಎಳೆದು ಬಿಡುವುದನ್ನು ಹೇಳಿಕೊಟ್ಟಳು, ಅದು ತರಬೇತಿಯಲ್ಲಿ ಕಲಿತದ್ದು. ಆಮೇಲೆ ಗೊತ್ತಾಗಿದ್ದು, ಕ್ಲಾಸಿನಲ್ಲಿ ಅವಳ ಕೂದಲು ಹಿಡಿದು ಎಳೆದು ಆಡಿಕೊಳ್ಳುತ್ತಿದ್ದರು, ಬಣ್ಣದ ಬಗ್ಗೆ ಹಾಡು ಕಟ್ಟಿದ್ದರು. ಅವಳಿಗೆ ಉಸಿರಾಟ ಸರಿಯಾಗಿಯೇ ಇತ್ತು! ಬದಲಾಗಬೇಕಾದದ್ದು ಕ್ಲಾಸು. ಇನ್ನೊಬ್ಬಳದ್ದು ಸ್ಕಾಲರ್‌ಶಿಪ್ ಬಂದಿರಲಿಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಲಿಲ್ಲ ಅಷ್ಟೇ. ಜೋಡಿಸಿದ ಮೇಲೆ ಅವಳ ಅಳು ಅರ್ಧ ನಿಂತಿತು. ಮತ್ತೊಬ್ಬಳಿಗೆ ಹದಿನಾರಕ್ಕೇ ಮದುವೆ ಗೊತ್ತು ಮಾಡಿದ್ದರು. ಅದಕ್ಕೆ ಸಮಾಧಾನ ಹೇಳುವುದಾ? ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವುದು.

ಹಾಗಾಗಿ ನಮ್ಮ ಹುಡುಗಿಯರಿಗೆ ಈಗ ಮೊದಲು ಕಲಿಸುವುದು ಒಂದೇ ಪ್ರಶ್ನೆ: ‘ಇದು ಯಾವಾಗಿಂದ?’ ಅದನ್ನು ಕೇಳಿದರೆ ಮುಕ್ಕಾಲು ಪಾಲು ಕಾರಣ ತಾನೇ ಹೊರಗೆ ಬರುತ್ತದೆ.

ಸಣ್ಣಾಸ್ಪತ್ರೆ ಸಿಸ್ಟರ್

ಹತ್ತೊಂಬತ್ತು ಬರೆದದ್ದನ್ನು ಎರಡು ಸಲ ಓದಿದೆ. ಆ ಹನ್ನೊಂದು ದಿನದಲ್ಲಿ ಅವನಿಗೆ ಫೋನ್ ಮಾಡಲು ಒಬ್ಬರು ಇದ್ದಿದ್ದರೆ ಹನ್ನೊಂದು ಗಂಟೆಯಲ್ಲಿ ಮುಗಿಯುತ್ತಿತ್ತು.

ಅಕ್ಕಾ, ಆಸ್ಪತ್ರೆ ಕಡೆಯಿಂದ ನನಗೆ ಗೊತ್ತಿದ್ದದ್ದು ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯವರು ಮನಸ್ಸಿನ ಪ್ರಥಮ ಚಿಕಿತ್ಸೆಗೆ ಮೂರು ಮಾತು ಹೇಳುತ್ತಾರೆ: ನೋಡು, ಕೇಳು, ಜೋಡಿಸು. ಮಕ್ಕಳು ಮಾಡಬೇಕಾದದ್ದು ಅಷ್ಟೇ. ಗೆಳೆಯ ಬದಲಾಗಿದ್ದಾನಾ ಅಂತ ನೋಡುವುದು, ಮಧ್ಯೆ ಬಾಯಿ ಹಾಕದೆ ಕೇಳುವುದು, ದೊಡ್ಡವರಿಗೆ ಜೋಡಿಸುವುದು. ಗುಣ ಮಾಡುವುದು ಇದರಲ್ಲಿ ಇಲ್ಲವೇ ಇಲ್ಲ. ನಿಮ್ಮ ಹುಡುಗಿ ನಾಲ್ಕನೆಯದನ್ನು ಹೊತ್ತುಕೊಂಡಿದ್ದಾಳೆ ಅಂತ ಕಾಣುತ್ತದೆ.

ಸಾಯುವ ಮಾತು, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಯಾರಾದರೂ ಮೈ ಮುಟ್ಟುವುದು ಹೊಡೆಯುವುದು, ಇವು ಬಂದರೆ ಅದೇ ದಿನ ನಿಮಗೆ ಬರಬೇಕು. ಶನಿವಾರದವರೆಗೆ ಕಾಯುವ ಹಾಗಿಲ್ಲ. 18ರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾನೂನೇ ಇದೆ, ಅದು ನಿಮ್ಮ ತಲೆ ಮೇಲಿನ ಜವಾಬ್ದಾರಿ, ಮಕ್ಕಳ ಮೇಲೆ ಬಿಡಬೇಡಿ. ಸಾಯಬೇಕು ಅನಿಸುತ್ತಾ ಅಂತ ನೇರವಾಗಿ ಕೇಳಲು ನಾವು ಹೆದರುತ್ತೇವೆ, ಕೇಳಿದರೆ ಎಲ್ಲಿ ತಲೆಗೆ ಹೊಳೆಯಿಸಿದಂತೆ ಆಗುತ್ತದೋ ಅಂತ. ಹಾಗಾಗುವುದಿಲ್ಲ. ಕೇಳಿದರೆ ಹೆಚ್ಚಿನವರಿಗೆ ಹಗುರ ಆಗುತ್ತದೆ. ಆದರೆ ಕೇಳುವುದು ದೊಡ್ಡವರ ಕೆಲಸ. ಮಗುವಿನ ಕೆಲಸ ಒಬ್ಬನನ್ನೇ ಬಿಟ್ಟು ಹೋಗದೆ ಇರುವುದು, ನಿಮ್ಮನ್ನು ಕರೆಯುವುದು.

ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ದುಡ್ಡಿಲ್ಲ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ಗೋಡೆ ಮೇಲೆ ಬರೆದಿಟ್ಟರೆ ಯಾರೂ ಮಾಡುವುದಿಲ್ಲ. ಮೊದಲ ಸಲ ನೀವೇ ಮಕ್ಕಳ ಮುಂದೆ ಸ್ಪೀಕರ್ ಹಾಕಿ ಮಾಡಿ, ‘ನಾವು ಹೀಗೊಂದು ಗುಂಪು ನಡೆಸುತ್ತೇವೆ, ಮಕ್ಕಳು ಫೋನ್ ಮಾಡಿದರೆ ಏನಾಗುತ್ತದೆ’ ಅಂತ ಕೇಳಿ. ಆ ಕಡೆ ಮನುಷ್ಯರ ಧ್ವನಿ ಕೇಳಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಗಂಗಾವಳಿ ದಡ

ಎಲ್ಲರದ್ದೂ ಓದಿದೆ. ನಿನ್ನೆ ಆ ಹುಡುಗಿಯ ಹತ್ತಿರ ಮಾತಾಡಿದೆ. ಮಾತಾಡಿದ್ದು ಅಂದರೆ, ಅವಳ ಆಯಿಯ ಒಂದು ರವಿಕೆ ಹೊಲಿಯುವುದಿತ್ತು, ಗುಂಡಿ ಹಚ್ಚಿಕೊಡು ಬಾ ಅಂತ ಕರೆದೆ. ಬಲೆ ಇಲ್ಲ ನಮ್ಮಲ್ಲಿ.

ನಿಲ್ಲಿಸೋಣವಾ ಅಂದೆ. ಬೇಡ ಅಂದಳು, ಸ್ವಲ್ಪ ಸಿಟ್ಟಿನಲ್ಲೇ. ಶನಿವಾರ ಕಷ್ಟ ಅಲ್ಲವಂತೆ. ಕಷ್ಟ ರಾತ್ರಿಯದ್ದು. ಯಾರ್ಯಾರಿಗೆ ನಿನ್ನ ನಂಬರು ಗೊತ್ತು ಅಂದೆ. ಇಪ್ಪತ್ತೂ ಮಕ್ಕಳಿಗೆ ಗೊತ್ತು. ಯಾರು ಕೊಟ್ಟಿದ್ದು ಅಂದೆ. ಗುಂಡಿ ಹಚ್ಚುತ್ತಲೇ ‘ನೀವೇ ಅಕ್ಕಾ’ ಅಂದಳು.

ಹೌದು. ಮೊದಲ ವಾರ ನಾನೇ ಬೋರ್ಡಿನ ಮೇಲೆ ಬರೆದಿದ್ದೆ, ಏನಾದರೂ ಇದ್ದರೆ ಅಕ್ಕನಿಗೆ ಫೋನ್ ಮಾಡಿ ಅಂತ. ಬರೆದದ್ದು ಅವಳ ನಂಬರು. ನನ್ನ ನಂಬರು ಬರೆಯಲಿಲ್ಲ, ನನ್ನದು ರಾತ್ರಿ ಚಾರ್ಜಿಗೆ ಇಟ್ಟರೆ ನಾನು ನೋಡುವುದಿಲ್ಲ ಅಂತ! ಇಷ್ಟು ದಿನ ಅದು ನನಗೆ ನೆನಪೇ ಇರಲಿಲ್ಲ.

ಈಗ ಕೇಳುವುದು: ಗೋವಾ ಬಸ್ಸು, ನೀವು ಇಂಥದ್ದು ನಡೆಸುವಾಗ ಕೇಳುವ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತೀರಿ? ದುಡ್ಡು ಎಷ್ಟು ಬೇಕು? ನಮ್ಮಲ್ಲಿ ಯುವಕ ಮಂಡಳದ ಕೋಣೆ, ಎರಡು ಟ್ಯೂಬ್‌ಲೈಟು, ಅಷ್ಟೇ ಇರುವುದು.

ಗೋವಾ ಬಸ್ಸು

ಅಕ್ಕಾ, ತಪ್ಪು ಒಪ್ಪಿಕೊಂಡು ಬರೆದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು.

ದುಡ್ಡು ಹೆಚ್ಚು ಬೇಡ, ಹೊತ್ತು ಬೇಕು. ನಿಮ್ಮ ಹೊತ್ತು. ನಾನು ಕೆಲಸ ಮಾಡಿದ ಕಡೆ ಎಷ್ಟೇ ಅನುಭವ ಇದ್ದವರಾಗಲಿ ವಾರಕ್ಕೊಮ್ಮೆ ಕೂತು ಆ ವಾರ ಕೇಳಿದ್ದನ್ನು ಇಳಿಸಲೇಬೇಕು, ಹೆಸರು ಹೇಳದೆ. ಯಾವುದು ಭಾರ ಆಯಿತು, ಎಲ್ಲಿ ಏನು ಹೇಳಬೇಕು ಅಂತ ತೋಚಲಿಲ್ಲ, ಅಷ್ಟು. ಒಂದು ಗಂಟೆ. ಮಕ್ಕಳ ಗುಂಪಿಗಿಂತ ಈ ಗಂಟೆ ಮುಖ್ಯ. ಇದು ಒಂದು ವಾರ ತಪ್ಪಿದರೆ ಆ ವಾರ ಗುಂಪೂ ಬೇಡ ಅನ್ನುವಷ್ಟು ನಾನು ಹಟದವಳು.

ಯಾವಾಗಲೂ ಜೋಡಿ ಇರಲಿ, ಒಬ್ಬಳೇ ಕೇಳುವುದು ಬೇಡ. ಅವರ ನಂಬರು ಯಾರ ಹತ್ತಿರವೂ ಇರಬಾರದು, ಈಗಾಗಲೇ ಇರುವುದಕ್ಕೆ ಸಿಮ್ ಬದಲಿಸಿಕೊಡಿ, ಆ ಖರ್ಚು ನಾನು ಕೊಡುತ್ತೇನೆ. ಪರೀಕ್ಷೆ ಬಂದರೆ ಪಿಯುಸಿಯವರಿಗೆ ರಜೆ. ಬಿಡಬೇಕು ಅನಿಸಿದರೆ ಕಾರಣ ಹೇಳದೆ ಬಿಡುವ ಹಾಗಿರಬೇಕು, ‘ನೀನು ಹೋದರೆ ಮಕ್ಕಳ ಗತಿ ಏನು’ ಅಂತ ಯಾರೂ ಅನ್ನಬಾರದು. ನೀವೂ ಅನ್ನಬಾರದು. ಮತ್ತೆ ಇವರ ಜೊತೆ ಹತ್ತೊಂಬತ್ತರಂಥ ಸ್ವಲ್ಪ ದೊಡ್ಡವರನ್ನು ಸೇರಿಸಿ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಯುವ ಸ್ಪಂದನ ಅಂತ ಇದೆ. ಅದರಲ್ಲಿ ಯುವ ಪರಿವರ್ತಕರು ಅಂತ ತರಬೇತಿ ಪಡೆದವರು ಇರುತ್ತಾರೆ. ಕಾರವಾರಕ್ಕೆ ಬಂದಾಗ ವಿಚಾರಿಸಿ, ನಾನೂ ಜೊತೆಗೆ ಬರುತ್ತೇನೆ.

ಹಳೇ ಮಾಸ್ತರು

ನಿಲ್ಲಿಸಿ ಅಂದಿದ್ದೆ. ಆ ಮಾತು ವಾಪಸ್. ಆದರೆ ಒಂದು ಹಟ ನನ್ನದೂ ಇದೆ. ಮೊದಲು ತಾಯಿ ತಂದೆಯರ ಸಭೆ ಕರೆಯಿರಿ. ಇಪ್ಪತ್ತು ಮನೆಯವರಿಗೂ ಇದು ಏನು ಅಂತ ಗೊತ್ತಿರಲಿ.

ಹತ್ತೊಂಬತ್ತು

ಮಾಸ್ತರೇ, ಅಪ್ಪನ ಕುಡಿತದ ಬಗ್ಗೆ ಹೇಳಲು ಬರುವ ಹುಡುಗ, ಅಪ್ಪ ಸಹಿ ಹಾಕಿದ ಗುಂಪಿಗೆ ಬರ್ತಾನಾ?

ಹಳೇ ಮಾಸ್ತರು

ಬರುವುದಿಲ್ಲ ಇರಬಹುದು. ಆದರೆ ಗೊತ್ತಿಲ್ಲದೆ ನಡೆಸಿ, ನಾಳೆ ಒಬ್ಬ ಅಪ್ಪ ಬಂದು ಕೋಣೆಗೆ ಬೀಗ ಹಾಕಿದರೆ ಇಪ್ಪತ್ತೂ ಮಕ್ಕಳಿಗೆ ಇಲ್ಲದಂತಾಗುತ್ತದೆ.

ಘಟ್ಟದ ಮೇಲಿನವಳು

ಇದು ನಮ್ಮಲ್ಲೂ ಬಗೆಹರಿದಿಲ್ಲ. ನಾವು ಆಯಿಯಂದಿರಿಗೆ ಮಾತ್ರ ಹೇಳಿದೆವು, ಸ್ವಸಹಾಯ ಸಂಘದ ಸಭೆಯ ಕೊನೆಗೆ ಹತ್ತು ನಿಮಿಷ. ಗಂಡಸರಿಗೆ ಅವರೇ ಹೇಗೋ ಮುಟ್ಟಿಸಿದರು. ಒಂದು ಮನೆಯವರು ಮಗಳನ್ನು ಬಿಡಿಸಿದರು, ಅದೂ ನಿಜ.

ಗಂಗಾವಳಿ ದಡ

ಆಯಿಯಂದಿರದ್ದು ಮಾಡಬಹುದು. ನಮ್ಮಲ್ಲಿ ಸಂಘದ ಸಭೆ ಗುರುವಾರ. ಆ ಹುಡುಗಿಯ ಆಯಿಯನ್ನೇ ಮಾತಾಡಲು ಹೇಳುತ್ತೇನೆ, ಅವಳು ಬೈಯುವುದಿದ್ದರೆ ಅಲ್ಲೇ ಬೈಯಲಿ, ಎಲ್ಲರಿಗೂ ಕೇಳಲಿ.

ಬೋರ್ಡು ಒರೆಸಿದೆ. ನನ್ನ ನಂಬರು ಬರೆದೆ, ಕೆಳಗೆ 14416. ಫೋನು ಈಗ ದಿಂಬಿನ ಹತ್ತಿರವೇ ಚಾರ್ಜಿಗೆ. ಮೊದಲ ರಾತ್ರಿಯೇ ಒಂದು ಮಿಸ್‌ಕಾಲ್ ಇತ್ತು, ವಾಪಸ್ ಮಾಡಿದೆ, ಚಪ್ಪಲಿಯ ಹುಡುಗ. ಮಳೆ ಇರಲಿಲ್ಲ. ‘ಸುಮ್ನೆ, ಎತ್ತುತ್ತೀರೋ ಇಲ್ವೋ ನೋಡಿದೆ’ ಅಂದ.

ಕೇಳುವ ಮಕ್ಕಳದ್ದೇ ಆದ ಒಂದು ಗಂಟೆ ಭಾನುವಾರ ಮೂರಕ್ಕೆ ಇಟ್ಟಿದ್ದೇನೆ. ಸಿಸ್ಟರ್ ಬರುತ್ತೇನೆ ಅಂದಿದ್ದಾರೆ. ಹತ್ತೊಂಬತ್ತು ತಮ್ಮಾ, ಬೋಟಿಲ್ಲದ ದಿನ ನೋಡಿ ಬಾ, ಮುರಿದ ಬಲೆ ಇದ್ದರೆ ಒಂದು ತಾ. ಮಾಸ್ತರೇ, ನೀವೂ ಬರುವುದಾದರೆ ಮೊದಲೇ ಹೇಳಿ, ನಮ್ಮಲ್ಲಿ ಇರುವುದು ಚಾಪೆ, ಕುರ್ಚಿಯನ್ನು ಪಕ್ಕದ ಮನೆಯಿಂದ ತರಿಸಬೇಕು.

ಹಳೇ ಮಾಸ್ತರು

ಕುರ್ಚಿ ಬೇಡ. ಅಂಕೋಲೆಯಿಂದ ಎರಡು ಗಂಟೆಗೆ ಬಸ್ಸು ಇದೆಯಾ ಅದನ್ನು ಹೇಳಿ.